ಹದಿನಾಲ್ಕು ದಿನದ ಗ್ರಂಥಿ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿ ದೀರ್ಘವಾದುದಲ್ಲ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಹೊರಟ ಬಸ್ಸು ತೊಗರಿಯ ಹೊಲಗಳನ್ನೂ ಕಬ್ಬಿನ ತೋಟಗಳನ್ನೂ ಹಿಂದಿಕ್ಕಿ ಬಹು ಬೇಗನೆ ಪ್ರಯಾಣಿಕನನ್ನು ಕೋಟೆಯ ಊರಿಗೆ ತಲಪಿಸುತ್ತದೆ. ಆದರೆ ಮಗಳನ್ನು ಕೊಟ್ಟ ಊರಿಗೆ ಹೋಗುವ ತಂದೆಗೆ ದಾರಿಯನ್ನು ಅಳೆಯುವ ಮಾನವೇ ಬೇರೆ. ಹುಮನಾಬಾದ್ ತಾಲ್ಲೂಕಿನ ಒಂದು ಗ್ರಾಮದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಗೃಹಸ್ಥರೊಬ್ಬರಿಗೆ ಆ ದಾರಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಲೇ ಹೋಯಿತು. ಮಗಳ ಮದುವೆಯಾಗಿ 6 ವರ್ಷಗಳಾಗಿದ್ದುವು, ಮಡಿಲು ತುಂಬಿರಲಿಲ್ಲ.

ಬೀಗರ ಮನೆ ಸಜ್ಜನರ ಮನೆಯೇ. ಅಲ್ಲಿ ಹೊಡೆತವಿರಲಿಲ್ಲ, ಬೈಗಳಿರಲಿಲ್ಲ. ಆದರೆ ಸಜ್ಜನರ ಮೌನಕ್ಕೂ ಒಂದು ಭಾರವುಂಟು. ತೊಟ್ಟಿಲ ಶಾಸ್ತ್ರಕ್ಕೆ ಕರೆ ಬಂದಾಗ ಸೊಸೆಯನ್ನು ಬಿಟ್ಟು ಹೋಗುವುದು, ಬಂದ ನೆಂಟರು ‘ಇನ್ನೂ ಏನೂ ಇಲ್ಲವೆ?’ ಎಂದು ಕೇಳಿದಾಗ ಯಾರೂ ಉತ್ತರಿಸದೆ ಅವಳ ಕಡೆಗೆ ನೋಡುವುದು, ಇಂಥ ಚಿಕ್ಕ ಚಿಕ್ಕ ಸಂಗತಿಗಳಿಂದಲೇ ಒಂದು ತೀರ್ಪು ಸಿದ್ಧವಾಗಿತ್ತು. ಹುಮನಾಬಾದಿನ ವೀರಭದ್ರೇಶ್ವರನಿಗೆ ಹರಕೆ ಹೊತ್ತುದಾಯಿತು; ಮಾಣಿಕನಗರದಲ್ಲಿ ಪ್ರಭುಗಳ ಸಮಾಧಿಗೆ ತಲೆಬಾಗಿದುದಾಯಿತು. ದೇವರನ್ನು ಕೇಳಿದವರೆಲ್ಲರೂ ಭಕ್ತಿಯಿಂದಲೇ ಕೇಳಿದರು. ವೈದ್ಯರನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಬೇಕಾದುದೇನು ಎಂಬುದೇ ಯಾರಿಗೂ ತಿಳಿದಿರಲಿಲ್ಲವೆಂದರೆ ತಪ್ಪಾಗದು.

ಹೀಗಿರಲು ಒಂದು ಮುಂಜಾನೆ ಆ ಗೃಹಸ್ಥರ ಕೊಟ್ಟಿಗೆಗೆ ಪಶುವೈದ್ಯರು ಬಂದರು. ಮನೆಯ ಎಮ್ಮೆ ಈದು 6 ತಿಂಗಳಾದರೂ ಬೆದೆಗೆ ಬಂದಿರಲಿಲ್ಲ. ವೈದ್ಯರು ತೋಳುದ್ದದ ಕೈಗವಸನ್ನು ತೊಟ್ಟು, ತಮ್ಮ ಪದ್ಧತಿಯಂತೆ ಒಳಗೆ ಕೈಯಿಟ್ಟು, ಅಂಡಾಶಯವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. ಎಲ್ಲವೂ ಕೆಲವೇ ನಿಮಿಷಗಳ ಕೆಲಸ.

“ಎಮ್ಮಿ ಬೆದಿಗೆ ಬಂದದರೀ ಯಜಮಾನ್ರ, ನಿಮಗ ಕಂಡಿಲ್ಲ ಅಷ್ಟೆ” ಎಂದರು ವೈದ್ಯರು.

ಎಮ್ಮೆಗಳಲ್ಲಿ ಈ ಮೂಕಬೆದೆ ಸಾಮಾನ್ಯವಾದುದು. ಒಳಗೆ ಅಂಡವು ಬಲಿತು ಹೊರಬಿದ್ದಿರುತ್ತದೆ; ಹೊರಗೆ ಲಕ್ಷಣ ಕಾಣಿಸುವುದಿಲ್ಲ. ಅಂಡವು ಹೊರಬಿದ್ದ ಸ್ಥಳದಲ್ಲಿ ಒಂದು ಗಟ್ಟಿಯಾದ ಗಂಟು ಹುಟ್ಟಿಕೊಂಡಿದೆ. ಅದು ಇರುವವರೆಗೆ ಮುಂದಿನ ಬೆದೆಯಿಲ್ಲ. ಒಂದು ಚುಚ್ಚುಮದ್ದಿನಿಂದ ಆ ಗಂಟು ಕರಗುವುದು, ಮೂರು ನಾಲ್ಕು ದಿನಗಳಲ್ಲಿ ಎಮ್ಮೆ ಬೆದೆಗೆ ಬರುವುದು ಎಂದು ವೈದ್ಯರು ವಿವರಿಸಿದರು. ಆ ಗಂಟಿಗೆ ಶಾಸ್ತ್ರದಲ್ಲಿ ಪೀತಪಿಂಡವೆಂದು ಹೆಸರು. ಇಟಲಿಯ ಮಾಲ್ಪೀಗಿ ಎಂಬ ಶಾರೀರಜ್ಞನು 17ನೆಯ ಶತಮಾನದಲ್ಲಿ ಅದರ ಬಣ್ಣವನ್ನು ಕಂಡು ಲ್ಯಾಟಿನ್ ಭಾಷೆಯಲ್ಲಿ ‘ಹಳದಿಯ ಕಾಯ’ ಎಂದು ಹೆಸರಿಟ್ಟನು. ಹಸುವಿನಲ್ಲಿ ಅದು ನಿಜವಾಗಿಯೂ ಹಳದಿಯೇ. ಎಮ್ಮೆಯಲ್ಲಿ ಮಾತ್ರ ಬೂದುಬಣ್ಣ. ಹಸುವಿನ ತುಪ್ಪ ಹಳದಿಯಾಗಿಯೂ ಎಮ್ಮೆಯ ತುಪ್ಪ ಬೆಳ್ಳಗೂ ಇರುವುದೇಕೆಂಬುದಕ್ಕೂ ಇದಕ್ಕೂ ಕಾರಣ ಒಂದೇ: ಮೇವಿನ ಹಳದಿಯ ದ್ರವ್ಯವನ್ನು ಹಸು ಹಾಗೆಯೇ ಉಳಿಸಿಕೊಳ್ಳುತ್ತದೆ, ಎಮ್ಮೆ ಅದನ್ನು ಪರಿವರ್ತಿಸಿಬಿಡುತ್ತದೆ.

ಅಂದು ರಾತ್ರಿ ಆ ಗೃಹಸ್ಥರಿಗೆ ನಿದ್ರೆ ಬರಲಿಲ್ಲ. ಎಮ್ಮೆಯ ವಿಷಯದಲ್ಲಿ ಯಾರೂ ಅದರ ಪ್ರಾರಬ್ಧವನ್ನು ಪ್ರಸ್ತಾಪಿಸಿರಲಿಲ್ಲ. ಯಾರೂ ಅದನ್ನು ದೂಷಿಸಿರಲಿಲ್ಲ. ‘ಒಳಗೆ ಏನಾಗಿದೆ?’ ಎಂದು ಕೇಳಿದ್ದರು, ತಿಳಿದವರು ನೋಡಿ ಹೇಳಿದ್ದರು. 6 ತಿಂಗಳು ಕಾದುದಕ್ಕೇ ವೈದ್ಯರು ‘ತಡಮಾಡಿದಿರಿ’ ಎಂದಿದ್ದರು. ಮಗಳ ವಿಷಯದಲ್ಲಿ 6 ವರ್ಷಗಳು ಕಳೆದುಹೋಗಿದ್ದುವು. ಪಶುವಿಗೆ ಸಂದ ಒಂದು ಪ್ರಶ್ನೆ ತನ್ನ ಮಗಳಿಗೆ ಸಲ್ಲಲಿಲ್ಲವಲ್ಲ ಎಂಬ ಯೋಚನೆ ಅವರನ್ನು ಬೆಳಗಿನವರೆಗೂ ಬಾಧಿಸಿತು.

ಸಂತಾನದ ವಿಷಯದಲ್ಲಿ ಪ್ರಾಚೀನರು ಇಷ್ಟು ಅವಿಚಾರಿಗಳಾಗಿರಲಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭೋತ್ಪತ್ತಿಗೆ ಋತು, ಕ್ಷೇತ್ರ, ಅಂಬು, ಬೀಜ ಎಂದು 4 ಕಾರಣಗಳನ್ನು ಹೇಳಿದೆ. ಕಾಲ, ನೆಲ, ನೀರು, ಬಿತ್ತು ಎಂಬ ನಾಲ್ಕೂ ಕೂಡಿದಲ್ಲದೆ ಮೊಳಕೆ ಏಳದಂತೆ, ಈ ನಾಲ್ಕೂ ಸೇರಿದಲ್ಲದೆ ಗರ್ಭ ನಿಲ್ಲದು. ಒಕ್ಕಲುತನ ಬಲ್ಲವನಿಗೆ ಈ ಉಪಮೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಗರಿ ಹುಟ್ಟದಿದ್ದರೆ ಅವನು ಮಳೆಯನ್ನು ನೋಡುತ್ತಾನೆ, ಬೀಜವನ್ನು ನೋಡುತ್ತಾನೆ, ತಿಥಿಯನ್ನು ನೋಡುತ್ತಾನೆ. ನೆಲವನ್ನೊಂದನ್ನೇ ಬಯ್ಯುತ್ತ ಕುಳಿತುಕೊಳ್ಳುವುದಿಲ್ಲ. ಮನೆಯೊಳಗೆ ಬಂದಾಗ ಮಾತ್ರ ಅವನು ಉಳಿದ ಮೂರನ್ನು ಮರೆತು ಕ್ಷೇತ್ರವೊಂದರ ಮೇಲೆಯೇ ಅಪವಾದವನ್ನು ಹೊರಿಸುತ್ತಾನೆ. ಪ್ರಾಚೀನರಿಗೆ ಇಂದಿನ ಸೂಕ್ಷ್ಮದರ್ಶಕದ ಜ್ಞಾನವಿತ್ತೆಂದು ಹೇಳುವುದು ಅವರಿಗೆ ಸಲ್ಲದ ಹೊಗಳಿಕೆ. ಆದರೆ ಕಾರಣವು ಒಂದಲ್ಲ, ಅನೇಕ ಎಂಬ ವಿವೇಕ ಅವರಿಗಿತ್ತು. ಆ ವಿವೇಕವೇ ಇಲ್ಲಿ ಲುಪ್ತವಾಗಿತ್ತು.

ಹಾಗಾದರೆ ಆ ಒಳಗಿನ ಕೆಲಸವಾದರೂ ಎಂಥದು? ಅಂಡಾಶಯವೆಂಬುದು ಬಾದಾಮಿಯ ಕಾಯಿಯಷ್ಟು ಗಾತ್ರದ ಅಂಗ. ಹೆಣ್ಣುಮಗು ಹುಟ್ಟುವಾಗಲೇ ಅದರಲ್ಲಿ 10ರಿಂದ 20 ಲಕ್ಷ ಅಂಡಗಳ ಸಂಗ್ರಹವಿರುತ್ತದೆ. ಋತುಮತಿಯಾಗುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುವುವು. ಜೀವಮಾನದಲ್ಲಿ ಬಲಿತು ಹೊರಬರುವುವು ಸುಮಾರು 400 ಮಾತ್ರ. ಒಂದೊಂದು ಅಂಡವೂ ಫಾಲಿಕಲ್ ಎಂಬ ಚಿಕ್ಕ ಕೋಶಿಕೆಯೊಳಗೆ ಇರುತ್ತದೆ. ಹಾಲೆಂಡಿನ ಡಿ ಗ್ರಾಫ್ ಎಂಬ ತರುಣ ವೈದ್ಯನು 1672ರಲ್ಲಿ ಇವುಗಳನ್ನು ವರ್ಣಿಸಿ ಗ್ರಂಥ ಬರೆದನು. ಕೋಶಿಕೆಯ ಹೊರಪದರದಲ್ಲಿ ರಕ್ತನಾಳಗಳಿವೆ. ಒಳಪದರದಲ್ಲಿ ಒಂದೂ ಇಲ್ಲ. ಎರಡರ ನಡುವೆ ಒಂದು ತೆಳುವಾದ ಗೋಡೆಯಿದೆ. ಬಲಿಯುವ ತನಕ ಅಂಡವು ಆ ಗೋಡೆಯೊಳಗೆ, ರಕ್ತಪ್ರವಾಹದಿಂದ ಮರೆಯಾಗಿ, ಅಂತಃಪುರದ ಕನ್ಯೆಯಂತೆ ಇರುತ್ತದೆ.

ಇದಕ್ಕೆಲ್ಲ ಆಜ್ಞೆಯನ್ನು ಕೊಡುವುವು ಹಾರ್ಮೋನುಗಳು. ಈ ಶಬ್ದವನ್ನು 1905ರಲ್ಲಿ ಲಂಡನ್ನಿನ ಸ್ಟಾರ್ಲಿಂಗ್ ಎಂಬ ವಿದ್ವಾಂಸನು ಬಳಕೆಗೆ ತಂದನು. ಅದರ ಗ್ರೀಕ್ ಧಾತುವಿಗೆ ‘ಪ್ರೇರಿಸು’ ಎಂದರ್ಥ. ಮೆದುಳಿನ ಅಡಿಯಲ್ಲಿರುವ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗ್ರಂಥಿಯಿಂದ ಈ ಪ್ರೇರಕದ್ರವ್ಯಗಳು ಹೊರಟು ರಕ್ತದೊಡನೆ ಅಂಡಾಶಯವನ್ನು ಸೇರುವುವು. ಪ್ರತಿ ತಿಂಗಳೂ ಹಲವು ಕೋಶಿಕೆಗಳು ಬೆಳೆಯಲು ಹವಣಿಸುವುವು. ಯಾವುದರ ಸುತ್ತ ರಕ್ತನಾಳಗಳು ಹೆಚ್ಚಾಗಿ ಹಬ್ಬುವುವೊ ಅದಕ್ಕೆ ಹಾರ್ಮೋನೂ ಹೆಚ್ಚಾಗಿ ದೊರೆಯುವುದು, ಅದೇ ಮುಂದಾಗುವುದು. ಉಳಿದುವು ಒಣಗುವುವು. ಕಾಲುವೆಯ ನೀರು ತಲಪಿದ ಗದ್ದೆ ಬೆಳೆಯುವ ಹಾಗೆ ಇದು. ಸುಶ್ರುತನ ‘ಅಂಬು’ವನ್ನು ನೆನೆಯಲು ಇಲ್ಲಿ ಅವಕಾಶವಿದೆ.

ಕೋಶಿಕೆಯು ಪಕ್ವವಾದ ಮೇಲೆ ಎಲ್. ಎಚ್. ಎಂಬ ಹಾರ್ಮೋನು ಪಿಟ್ಯುಟರಿಯಿಂದ ಒಮ್ಮೆಲೆ ಪ್ರವಾಹವಾಗಿ ಬರುತ್ತದೆ. ಅನಂತರ ಸುಮಾರು 36 ಗಂಟೆಗಳಲ್ಲಿ ಆ ಸ್ಥಳದಲ್ಲಿ ನಡೆಯುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ರಕ್ತನಾಳಗಳು ಹಿಗ್ಗುವುವು, ಅವುಗಳ ಗೋಡೆ ಸಡಿಲವಾಗಿ ದ್ರವ ಒಸರುವುದು, ಬಿಳಿಯ ರಕ್ತಕಣಗಳು ಗುಂಪುಗುಂಪಾಗಿ ಬಂದು ಸೇರುವುವು, ಕೋಶಿಕೆಯ ತುದಿಯಲ್ಲಿ ಮಾತ್ರ ರಕ್ತಸಂಚಾರ ಕುಗ್ಗಿ, ಅಲ್ಲಿಯ ನಾರನ್ನು ಕಿಣ್ವಗಳು ಕರಗಿಸುವುವು, ಕಡೆಗೆ ಗೋಡೆ ಬಿರಿದು ಅಂಡ ಹೊರಬರುವುದು. ಕೆಂಪು, ಬಿಸಿ, ಬಾವು, ನೋವು ಎಂದು ರೋಮಿನ ಕೆಲ್ಸಸ್ ಹೇಳಿದ ನಾಲ್ಕು ಲಕ್ಷಣಗಳ ಉರಿಯೂತ, ಆಯುರ್ವೇದವು ಶೋಥವೆಂದು ಕರೆಯುವುದು, ಇದೇ ಅಲ್ಲವೆ? ಕಾಲಿಗೆ ಮುಳ್ಳು ಹೊಕ್ಕಾಗ ಆಗುವ ಕ್ರಿಯೆಯೇ ಇಲ್ಲಿ ಮುಳ್ಳಿಲ್ಲದೆ, ಶತ್ರುವಿಲ್ಲದೆ, ಕೇವಲ ಹಾರ್ಮೋನಿನ ಮಾತಿನ ಮೇಲೆ ನಡೆಯುತ್ತದೆ. ಅಂಡೋತ್ಸರ್ಗವು ಒಂದು ಬಗೆಯ ಉರಿಯೂತವೆಂಬ ಸಿದ್ಧಾಂತವನ್ನು ಅಮೆರಿಕದ ಎಸ್ಪೀ ಎಂಬ ವಿಜ್ಞಾನಿ 1980ರಲ್ಲಿ ಮಂಡಿಸಿದನು. ತಿಂಗಳ ನಡುವೆ ಕೆಲವು ಸ್ತ್ರೀಯರಿಗೆ ಹೊಟ್ಟೆಯ ಒಂದು ಪಕ್ಕದಲ್ಲಿ ನೋವು ಕಾಣಿಸಿಕೊಂಡು, ಅದನ್ನು ಅವರು ಯಾರಿಗೂ ಹೇಳದೆ ಕೆಲಸ ಮಾಡಿಕೊಂಡಿರುವುದುಂಟು. ಅದು ಬಹುಮಟ್ಟಿಗೆ ಈ ವ್ಯಾಪಾರದ ಕುರುಹು.

ಗಾಯವಾದ ಮೇಲೆ ಮಾಯಬೇಕು. ಇಲ್ಲಿ ಮಾಯುವಿಕೆಯೇ ಒಂದು ಹೊಸ ಗ್ರಂಥಿಯ ಹುಟ್ಟು. ಒಳಗೋಡೆ ಒಡೆದೊಡನೆ, ಇದುವರೆಗೆ ರಕ್ತನಾಳವನ್ನೇ ಕಾಣದಿದ್ದ ಎಡೆಗೆ ಸುತ್ತಲಿನಿಂದ ನಾಳಗಳು ನುಗ್ಗುವುವು. ಅವುಗಳನ್ನು ಕರೆಯುವುದು ವಿ. ಇ. ಜಿ. ಎಫ್. ಎಂಬ ಒಂದು ದ್ರವ್ಯ. ಅದನ್ನು ಹೊರಡಿಸುವಂತೆ ಆಜ್ಞೆ ಮಾಡುವುದು ಎಲ್. ಎಚ್. ಹಾರ್ಮೋನು. ಕೆಲವೇ ದಿನಗಳಲ್ಲಿ ಅಲ್ಲಿ ದಟ್ಟವಾದ ನಾಳಜಾಲ ನೇಯ್ದುಕೊಳ್ಳುತ್ತದೆ. ಬಲಿತ ಪೀತಪಿಂಡದ ಜೀವಕೋಶಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ರಕ್ತನಾಳದ ಒಳಗೋಡೆಯ ಕೋಶಗಳೇ. ತೂಕಕ್ಕೆ ತೂಕ ನೋಡಿದರೆ ಇಷ್ಟು ರಕ್ತ ಹರಿಯುವ ಅಂಗಗಳು ದೇಹದಲ್ಲಿ ಬಹು ವಿರಳ. 1998ರಲ್ಲಿ ಫೆರಾರಾ ಮೊದಲಾದ ವಿಜ್ಞಾನಿಗಳು ಇಲಿಗಳಲ್ಲಿ ವಿ. ಇ. ಜಿ. ಎಫ್. ಅನ್ನು ತಡೆದು ನೋಡಿದಾಗ ನಾಳಗಳೂ ಬೆಳೆಯಲಿಲ್ಲ, ಪೀತಪಿಂಡವೂ ಬೆಳೆಯಲಿಲ್ಲ. 2013ರಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಮತ್ತೊಂದು ಪ್ರಯೋಗ ನಡೆಯಿತು: ಮ್ಯಾಕ್ರೊಫೇಜ್ ಎಂಬ ಭಕ್ಷಕಕೋಶಗಳನ್ನು ಇಲಿಗಳ ದೇಹದಿಂದ ನೀಗಿಸಿದಾಗ ಪೀತಪಿಂಡದ ನಾಳಜಾಲ ಕೆಟ್ಟು ಗರ್ಭವೇ ನಿಲ್ಲದೆ ಹೋಯಿತು. ರೋಗಾಣುಗಳನ್ನು ನುಂಗುವ ಯೋಧರೆಂದು ಪ್ರಸಿದ್ಧವಾದ ಕೋಶಗಳು ಇಲ್ಲಿ ಕಾಲುವೆ ತೋಡುವ ಒಡ್ಡರ ಕೆಲಸಕ್ಕೆ ಕೈಗೂಡಿಸುತ್ತವೆ.

ಪೀತಪಿಂಡದ ಕೆಲಸವೇನು? ಪ್ರೊಜೆಸ್ಟರೋನ್ ಎಂಬ ಹಾರ್ಮೋನನ್ನು ಸುರಿಸುವುದು. ಗರ್ಭಾಶಯದ ಒಳಪದರವನ್ನು ಹಾಸಿಗೆಯಂತೆ ಸಿದ್ಧಗೊಳಿಸುವುದೂ, ಹೊಸದಾಗಿ ಬರುವ ಭ್ರೂಣವನ್ನು ಪರಕೀಯವೆಂದು ತಾಯಿಯ ಸೈನಿಕಕಣಗಳು ಹೊಡೆದಟ್ಟದಂತೆ ಅವುಗಳನ್ನು ಶಾಂತಗೊಳಿಸುವುದೂ ಇದರ ಧರ್ಮ. ಪೀತಪಿಂಡವನ್ನು ತೆಗೆದರೆ ಗರ್ಭ ಉಳಿಯದೆಂದು ಜರ್ಮನಿಯ ಫ್ರೆಂಕೆಲ್ 1903ರಲ್ಲಿ ಮೊಲಗಳಲ್ಲಿ ತೋರಿಸಿದ್ದನು. ಅದು ಎಲ್. ಎಚ್. ನ ಆಧಾರವಿಲ್ಲದೆ ಬಾಳಲಾರದೆಂಬುದನ್ನು ಮಂಗಗಳಲ್ಲಿ ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಆರ್. ಮೌದ್ಗಲ್ ಅವರು ಪ್ರಮುಖರು. 1970ರ ದಶಕದ ಆರಂಭದಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಹಾರ್ಮೋನನ್ನು ಕಟ್ಟಿಹಾಕುವ ಪ್ರತಿಕಾಯಗಳನ್ನು ಪ್ರಯೋಗಿಸಿ ಈ ವಿಷಯವನ್ನು ಸ್ಥಾಪಿಸಿದರು.

ಈ ಗ್ರಂಥಿಗೆ ಆಯುಸ್ಸು ಅಲ್ಪ. ಸ್ತ್ರೀಯಲ್ಲಿ ಸುಮಾರು 14 ದಿನ. ಗರ್ಭ ನಿಲ್ಲದಿದ್ದರೆ ಅದು ತಾನಾಗಿ ಅಳಿಯಬೇಕು. ಅಳಿದಲ್ಲದೆ ಮುಂದಿನ ಅಂಡಕ್ಕೆ ಎಡೆಯಿಲ್ಲ. ಹಸು ಎಮ್ಮೆಗಳಲ್ಲಿ ಅಳಿವಿನ ಆಜ್ಞೆ ಗರ್ಭಾಶಯದಿಂದ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯರೂಪದಲ್ಲಿ ಬರುತ್ತದೆ. ಪಶುವೈದ್ಯರ ಚುಚ್ಚುಮದ್ದು ಅದೇ ಆಜ್ಞೆಯ ಪ್ರತಿ. ಬೆದೆಯಾದ ಮೊದಲ 5 ದಿನಗಳಲ್ಲಿ ಪೀತಪಿಂಡಕ್ಕೆ ಆ ಆಜ್ಞೆ ಕೇಳಿಸುವುದೇ ಇಲ್ಲ. ಬಲಿತ ಮೇಲೆ ತಪ್ಪದೆ ಕೇಳಿಸುತ್ತದೆ. ಸ್ತ್ರೀಯಲ್ಲಿ ಗರ್ಭಾಶಯದ ಆಜ್ಞೆ ಬೇಕಿಲ್ಲ. ಅಂಡಾಶಯವೇ ಆ ಕಾರ್ಯವನ್ನು ನಿರ್ವಹಿಸುತ್ತದೆ. ಆಜ್ಞೆ ಎಲ್ಲಿಂದಲೇ ಬರಲಿ, ಮುಂದಿನ ಕ್ರಮ ಬಹುಮಟ್ಟಿಗೆ ಒಂದೇ: ಪ್ರೊಜೆಸ್ಟರೋನ್ ಇಳಿಯುವುದು, ನಾಳಗಳು ಮುಚ್ಚಿಕೊಳ್ಳುವುವು, ಭಕ್ಷಕಕೋಶಗಳು ಮತ್ತೆ ಗುಂಪಾಗಿ ಬಂದು, ಸತ್ತ ಕೋಶಗಳನ್ನು ನುಂಗಿ ಸ್ಥಳವನ್ನು ಶುಚಿ ಮಾಡುವುವು. ಕಡೆಗೆ ಉಳಿಯುವುದು ಒಂದು ಬಿಳಿಯ ಕಲೆ. ಎಮ್ಮೆಗಳಲ್ಲಿ ಈ ಅಳಿವು ಜೀವಕೋಶದೊಳಗೆ ಹೇಗೆ ನಡೆಯುತ್ತದೆಂಬುದನ್ನು ಮೇಧಾಮೂರ್ತಿಯವರೂ ಅವರ ಶಿಷ್ಯರೂ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಶೋಧಿಸಿ 2002ರಲ್ಲಿ ಪ್ರಕಟಿಸಿದರು. ಹುಮನಾಬಾದಿನ ಕೊಟ್ಟಿಗೆಯ ಪ್ರಶ್ನೆಗೂ ಆ ಸಂಶೋಧನಾಲಯದ ಪ್ರಶ್ನೆಗೂ ವಸ್ತು ಒಂದೇ ಆಗಿತ್ತು.

ಗರ್ಭ ನಿಂತರೆ ಈ ಅಳಿವು ನಿಲ್ಲಬೇಕು. ‘ನಾನು ಬಂದಿದ್ದೇನೆ, ಗ್ರಂಥಿಯನ್ನು ಉಳಿಸು’ ಎಂದು ಸೂಕ್ಷ್ಮವಾದ ಭ್ರೂಣವು ಹೇಳಿಕಳುಹಿಸಬೇಕು. ಸ್ತ್ರೀಯಲ್ಲಿ ಅದು ಎಚ್. ಸಿ. ಜಿ. ಎಂಬ ಹಾರ್ಮೋನಿನ ಮೂಲಕ ತಿಳಿಸುತ್ತದೆ; ಮನೆಯಲ್ಲಿ ಮಾಡುವ ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಕಾಣುವುದು ಇದೇ. ಹಸುವಿನ ಭ್ರೂಣ ಕಳುಹಿಸುವ ದೂತನಾದರೊ ಇಂಟರ್‌ಫೆರಾನ್ ಜಾತಿಯ ಒಂದು ದ್ರವ್ಯ. ವೈರಸ್ಸುಗಳು ದೇಹವನ್ನು ಹೊಕ್ಕಾಗ ಕೋಶಗಳು ಕೂಗುವ ಎಚ್ಚರಿಕೆಯ ಮಾತು ಇಂಟರ್‌ಫೆರಾನ್. ಅದೇ ಭಾಷೆಯಲ್ಲಿ ಕರು ತನ್ನ ತಾಯಿಗೆ ಮೊದಲ ಮಾತನ್ನು ಆಡುತ್ತದೆ. ರಕ್ಷಣೆಯ ಶಕ್ತಿಯೂ ಸೃಷ್ಟಿಯ ಶಕ್ತಿಯೂ ಬೇರೆ ಬೇರೆಯೆಂದು ಎಣಿಸುವವರಿಗೆ ಅಂಡಾಶಯವು ಕೊಡುವ ಉತ್ತರ ಇದು. ಕತ್ತಿ ಹಿಡಿಯುವ ಕೈಯೇ ತೊಟ್ಟಿಲನ್ನು ಕಟ್ಟುತ್ತದೆ; ಯಾವಾಗ ಯಾವುದೆಂಬುದನ್ನು ಹಾರ್ಮೋನು ಹೇಳುತ್ತದೆ; ಹೇಳುವುದು ಒಂದಿಷ್ಟು ಹಿಂದೆಮುಂದೆಯಾದರೆ ಕೆಲಸ ಕೆಡುತ್ತದೆ.

ತಿಂಗಳ ಮುಟ್ಟು ಏನೆಂಬುದೂ ಇದರಿಂದ ತಿಳಿಯುತ್ತದೆ. ಪೀತಪಿಂಡ ಅಳಿದು ಪ್ರೊಜೆಸ್ಟರೋನ್ ಇಳಿದಾಗ ಗರ್ಭಾಶಯದ ಹಾಸಿಗೆಗೆ ಆಧಾರ ತಪ್ಪುತ್ತದೆ. ಅದರ ನಾಳಗಳು ಬಿಗಿಯುವುವು, ಬಿಳಿಯ ಕಣಗಳು ಬರುವುವು, ಪದರ ಕಳಚುವುದು. ಕಳಚಿದ ಸ್ಥಳ ಕೆಲವೇ ದಿನಗಳಲ್ಲಿ ಕಲೆಯಿಲ್ಲದೆ ಮಾಯುವುದು. ಇದರಲ್ಲಿ ಅಶುದ್ಧಿಯ ಲೇಶವೂ ಇಲ್ಲ. ಈ ಮಾತಿಗೆ ಕಲ್ಯಾಣಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ. ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದುದು ಇದೇ ಊರಿನಲ್ಲಿ. ಅದರಲ್ಲಿ ಆಶೌಚದ ವಿಧಿಗಳಿಗೆ ಒಂದು ಪ್ರಕರಣವೇ ಇದೆ. ಅನಂತರ ಹೆಚ್ಚು ಕಾಲ ಕಳೆಯುವ ಮೊದಲೇ, 12ನೆಯ ಶತಮಾನದ ಮಧ್ಯದಲ್ಲಿ, ಇದೇ ಊರಿನ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಅಲ್ಲಗಳೆದರು. ಒಂದೇ ಊರು ಎರಡು ಪಕ್ಷಗಳನ್ನೂ ಕಂಡಿತು. ಎರಡನೆಯ ಪಕ್ಷದ ವಂಶದವರೆಂದು ಹೆಮ್ಮೆಪಡುವ ಮನೆಗಳಲ್ಲಿಯೂ ಕಾಲಕ್ರಮದಲ್ಲಿ ಮೊದಲನೆಯ ಪಕ್ಷದ ಪದ್ಧತಿ ಹಿಂಬಾಗಿಲಿನಿಂದ ಸೇರಿಕೊಂಡಿರುವುದುಂಟು. ಆ ಬೀಗರ ಮನೆಯಲ್ಲಿಯೂ ಹಾಗೆಯೇ ಇತ್ತು. ಸೊಸೆ ಆ ಮೂರು ದಿನ ಅಡಿಗೆಮನೆಯ ಹೊಸ್ತಿಲಿನ ಹೊರಗೆ ಕುಳಿತಿರುತ್ತಿದ್ದಳು. ಅವಳು ಹೊರಗೆ ಕುಳಿತುದು ಕಂಡೊಡನೆ, ಈ ತಿಂಗಳೂ ಏನೂ ಆಗಲಿಲ್ಲವೆಂಬುದು ಮನೆಗೆಲ್ಲ, ಓಣಿಗೆಲ್ಲ ಗೊತ್ತಾಗುತ್ತಿತ್ತು. 6 ವರ್ಷಗಳಲ್ಲಿ ಅವಳು ಎಷ್ಟು ಸಲ ಆ ಸಾಕ್ಷ್ಯವನ್ನು ಕೊಡಬೇಕಾಯಿತೆಂಬುದನ್ನು ಎಣಿಸುವುದು ಕಷ್ಟವಲ್ಲ, ಎಣಿಸಿದವರಿಲ್ಲ.

ಎಮ್ಮೆಗೆ ಚುಚ್ಚುಮದ್ದು ಹಾಕಿಸಿದ ಮರುವಾರ ಆ ಗೃಹಸ್ಥರು ಬಸವಕಲ್ಯಾಣಕ್ಕೆ ಹೋದರು. ಅಳಿಯನನ್ನು ತ್ರಿಪುರಾಂತಕ ಕೆರೆಯ ಕಡೆಗೆ ಕರೆದುಕೊಂಡು ಹೋಗಿ, ಸಂಕೋಚವನ್ನು ಬದಿಗಿಟ್ಟು, ಎಮ್ಮೆಯ ವೃತ್ತಾಂತವನ್ನು ಹೇಳಿದರು. ಹೆಣ್ಣು ಕೊಟ್ಟವರು ಇಂಥ ಮಾತನ್ನು ಅಳಿಯನೆದುರು ಆಡುವುದು ಸುಲಭವಲ್ಲ. ಅಳಿಯ ಬಹಳ ಹೊತ್ತು ಕೆರೆಯ ನೀರನ್ನು ನೋಡುತ್ತ ನಿಂತಿದ್ದು, ಕೊನೆಗೆ, “ಇಬ್ಬರೂ ಹೋಗ್ತೀವ್ರೀ ಮಾವಾರ” ಎಂದನು. ‘ಇಬ್ಬರೂ’ ಎಂಬ ಆ ಒಂದು ಶಬ್ದದಿಂದ ಮುದುಕರ ಕಣ್ಣು ತುಂಬಿ ಬಂತು.

ದಂಪತಿಗಳು ಕಲಬುರಗಿಗೆ ಹೋಗಿ ಒಬ್ಬ ಸ್ತ್ರೀರೋಗ ತಜ್ಞೆಯನ್ನು ಕಂಡರು. ಆ ವೈದ್ಯೆ ಮೊದಲು ಕೇಳಿದುದು ಪತಿಯ ಪರೀಕ್ಷೆಯನ್ನು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಡೆ ಪುರುಷನ ಪಾಲೂ ಇರುತ್ತದೆ. ಲೋಕದಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಬಾಳಿನಲ್ಲಿ ಎಂದಾದರೊಮ್ಮೆ ಈ ಕಷ್ಟವನ್ನು ಕಾಣುವರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ಪರೀಕ್ಷೆಯಾದ ಮೇಲೆ ತಿಳಿದುದು ಇಷ್ಟು: ಪತಿಯಲ್ಲಿ ಅಲ್ಪಸ್ವಲ್ಪ ಕೊರತೆ; ಪತ್ನಿಯಲ್ಲಿ ಪಿ. ಸಿ. ಓ. ಎಸ್. ಎಂಬ ಸ್ಥಿತಿ, ಅಂದರೆ ಕೋಶಿಕೆಗಳು ಹಲವು ಏಳುವುವು, ಆದರೆ ಒಂದೂ ಮುಂದಾಗಿ ಬಿರಿಯದೆ ನಡುದಾರಿಯಲ್ಲಿ ನಿಲ್ಲುವುವು. ಹಾರ್ಮೋನುಗಳ ತೂಕ ಅಲ್ಲಿ ತಪ್ಪಿರುತ್ತದೆ. ಒಳಗೆ ಸಣ್ಣ ಉರಿಯೊಂದು ಸದಾ ಇರುತ್ತದೆ. ಸಕಾಲದಲ್ಲಿ ಒಮ್ಮೆ ಏರಿ ಇಳಿಯಬೇಕಾದ ಉರಿ, ಇಳಿಯದೆ ಉಳಿದುದರ ಫಲ. ದೋಷ ಒಬ್ಬರದಲ್ಲ, ಪಾಪ ಯಾರದೂ ಅಲ್ಲ.

ಚಿಕಿತ್ಸೆ ನಡೆಯಿತು. ಅದೂ ಹೂವಿನ ಹಾದಿಯಾಗಿರಲಿಲ್ಲ. ಕೋಶಿಕೆಗಳನ್ನು ಬೆಳೆಸುವ ಚುಚ್ಚುಮದ್ದುಗಳು, ಅನಂತರ ಅಂಡವನ್ನು ಬಿಡಿಸುವ ಎಚ್. ಸಿ. ಜಿ. ಚುಚ್ಚುಮದ್ದು ಆದ ಕೆಲವು ದಿನಗಳಲ್ಲಿ ಅವಳ ಹೊಟ್ಟೆ ಉಬ್ಬಿತು, ತೂಕ ಏರಿತು, ಉಸಿರಾಟ ಭಾರವಾಯಿತು. ಮನೆಯವರು ಗಾಬರಿಯಾದರು. ವೈದ್ಯೆ ಮೊದಲೇ ಎಚ್ಚರಿಸಿದ್ದುದರಿಂದ ತಡವಾಗದೆ ಕರೆದೊಯ್ದರು. ಹಲವು ಕೋಶಿಕೆಗಳು ಒಮ್ಮೆಲೆ ಎಚ್ಚತ್ತು, ಒಂದಕ್ಕೆ ಸಾಕಾದ ವಿ. ಇ. ಜಿ. ಎಫ್. ಹತ್ತರಷ್ಟಾಗಿ, ರಕ್ತನಾಳಗಳ ಗೋಡೆಗಳೆಲ್ಲ ಸಡಿಲಗೊಂಡು ದ್ರವವು ಹೊಟ್ಟೆಗೆ ಇಳಿಯುವುದೇ ಇದಕ್ಕೆ ಕಾರಣ. ಇಂಥ ಚಿಕಿತ್ಸೆಯಲ್ಲಿರುವವರು ಹೊಟ್ಟೆಯುಬ್ಬರ, ಏದುಸಿರು, ಮೂತ್ರ ಕಡಿಮೆಯಾಗುವುದು ಇವುಗಳನ್ನು ಉಪೇಕ್ಷಿಸಬಾರದು. ತೀವ್ರವಾದರೆ ಪ್ರಾಣಕ್ಕೂ ಅಪಾಯವುಂಟು. ಅವಳ ಪಾಲಿಗೆ ಅದು ಸೌಮ್ಯವಾಗಿದ್ದು ಕೆಲವು ದಿನಗಳಲ್ಲಿ ಇಳಿಯಿತು. ಆ ತಿಂಗಳು ಗರ್ಭ ಮಾತ್ರ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಸೊಸೆಯ ಪಕ್ಕದಲ್ಲಿ ರಾತ್ರಿ ಕುಳಿತವರು ಅತ್ತೆ. ಅವರು ಓದಿದವರಲ್ಲ. ಪಿಟ್ಯುಟರಿ, ಪೀತಪಿಂಡಗಳ ಹೆಸರು ಅವರ ನಾಲಗೆಗೆ ಹತ್ತಲಿಲ್ಲ. ಆದರೆ ಒಂದು ಜೀವ ತನ್ನೊಳಗೆ ಇಷ್ಟೆಲ್ಲ ಕೆಲಸವನ್ನು ಪ್ರತಿ ತಿಂಗಳೂ ಯಾರಿಗೂ ಹೇಳದೆ ಮಾಡುತ್ತಿತ್ತೆಂಬುದೂ, ಅದನ್ನು ತಾವು ‘ಏನೂ ಇಲ್ಲ’ ಎಂದು ಕರೆಯುತ್ತಿದ್ದೆವೆಂಬುದೂ ಅವರಿಗೆ ತಿಳಿಯಿತು. ಊರಿಗೆ ಬಂದ ಕೆಲವು ದಿನಗಳಲ್ಲಿ ಸೊಸೆ ಮತ್ತೆ ಹೊಸ್ತಿಲಿನ ಹೊರಗೆ ಕುಳಿತಾಗ ಅತ್ತೆ ಅಡಿಗೆಮನೆಯಿಂದಲೇ ಕೂಗಿ ಹೇಳಿದರು: “ಒಳಗ ಬಾರವ್ವ. ಹೊರಗ ಯಾಕ ಕುಂತಿ? ರೊಟ್ಟಿ ಬಡಿಯೋದು ನನ್ನೊಬ್ಬಾಕಿ ಕೈಲಿ ಆಗಂಗಿಲ್ಲ.” ಸೊಸೆ ಎದ್ದು ಒಳಗೆ ಹೋದಳು. ಅಂದಿನಿಂದ ಅವಳ ಒಡಲಿನ ವರ್ತಮಾನ ಓಣಿಯ ಆಸ್ತಿಯಾಗಿ ಉಳಿಯಲಿಲ್ಲ.

ಎಮ್ಮೆ ಅದೇ ಬೆದೆಯಲ್ಲಿ ಗಬ್ಬವಾಗಿತ್ತು. 10 ತಿಂಗಳು ಕಳೆದು ಈದಿತು. ಮೊದಲ ಹಾಲಿನ ಗಿಣ್ಣವನ್ನು ಡಬ್ಬಿಯಲ್ಲಿಟ್ಟುಕೊಂಡು ಆ ಗೃಹಸ್ಥರು ಬಸ್ಸಿನ ನಿಲ್ದಾಣಕ್ಕೆ ಬಂದರಾದರೂ ಮನಸ್ಸು ಅಳುಕಿತು. ಮಕ್ಕಳಿಲ್ಲದ ಮಗಳ ಮನೆಗೆ ಈದ ಎಮ್ಮೆಯ ಗಿಣ್ಣವನ್ನು ಒಯ್ದರೆ ಯಾರು ಏನೆಂದುಕೊಳ್ಳುವರೊ! ಆದರೂ ಹೋದರು. ಬೀಗಿತ್ತಿಯವರು ಡಬ್ಬಿಯನ್ನು ತೆರೆದು, ಯಾವ ಮಾತನ್ನೂ ಆಡದೆ, ಮೊದಲ ತುಂಡನ್ನು ಸೊಸೆಯ ತಟ್ಟೆಗೆ ಹಾಕಿದರು. ಚಿಕಿತ್ಸೆ ಇನ್ನೂ ನಡೆದಿತ್ತು. ಫಲ ದೊರೆಯುವುದೊ ಇಲ್ಲವೊ ಎಂಬುದನ್ನು ವೈದ್ಯೆಯೂ ಹೇಳಿರಲಿಲ್ಲ. ಮಳೆಯನ್ನು ನಂಬಿ ಬಿತ್ತುವವರಿಗೆ ಆ ಅನಿಶ್ಚಯ ಹೊಸದಲ್ಲ.

ಮರಳುವಾಗ ದಾರಿ ಆ ತಂದೆಗೆ ಮೊದಲಿನಷ್ಟೇ ಉದ್ದವಾಗಿ ತೋರಿತು, ಅದಕ್ಕಿಂತ ಹೆಚ್ಚಾಗಿ ಅಲ್ಲ. ಮಗಳ ಮಡಿಲು ತುಂಬಿರಲಿಲ್ಲ. ಆದರೆ ಅವಳ ತಲೆಯ ಮೇಲಿನ ತೀರ್ಪು ಇಳಿದಿತ್ತು.